ನರದ ಜೊತೆಯಲ್ಲೇ ಬರುವ ನೆತ್ತರು

ಕನ್ನಡದಲ್ಲಿ ‘ನರ’ ಎಂಬ ಎರಡಕ್ಷರದ ಮಾತಿಗೆ ಇರುವಷ್ಟು ಕೆಲಸ ಬೇರೆ ಮಾತಿಗೆ ಇರಲಿಕ್ಕಿಲ್ಲ. ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುವುದು ನರ. ಆಸ್ಪತ್ರೆಯಲ್ಲಿ ನರ್ಸು ಸೂಜಿ ಚುಚ್ಚಲು ತಡಕಾಡುವುದು ನರಕ್ಕೆ. ಬೆಳಗ್ಗೆ ಏಳುವಾಗ ಕುತ್ತಿಗೆ ಹಿಡಿದುಕೊಂಡಿದ್ದರೆ ‘ನರ ಹಿಡಿದಿದೆ’ ಎನ್ನುತ್ತೇವೆ. ಸೊಂಟದಿಂದ ಹಿಮ್ಮಡಿಯವರೆಗೆ ಮಿಂಚು ಹೊಡೆದಂತೆ ನೋವು ಇಳಿದರೆ ಅದೂ ನರದ ಸೆಳೆತವೇ. ವೈದ್ಯರನ್ನು ಕೇಳಿದರೆ ಮೊದಲಿನ ಎರಡು ರಕ್ತನಾಳ, ಮೂರನೆಯದು ಬಹುಪಾಲು ಸ್ನಾಯು, ಕೊನೆಯದೊಂದೇ ನಿಜವಾದ ನರ ಎಂದು ತಿದ್ದುತ್ತಾರೆ.

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಕುಂದಲಹಳ್ಳಿಯಲ್ಲಿ ಈ ತಿದ್ದುಪಡಿಗೆ ಬಹಳ ಬೇಡಿಕೆಯಿದೆ. ಕುಂದಲಹಳ್ಳಿ ಗೇಟಿನಿಂದ ಬ್ರೂಕ್‌ಫೀಲ್ಡ್ ದಾಟಿ ವೈಟ್‌ಫೀಲ್ಡ್ ಕಡೆಗೆ ಹೋಗುವ ರಸ್ತೆಯಲ್ಲಿ ಬೆನ್ನು ನೋವು, ಕುತ್ತಿಗೆ ನೋವು, ಡಿಸ್ಕ್ ತೊಂದರೆಗೆ ಚಿಕಿತ್ಸೆ ಎಂಬ ಫಲಕಗಳು ಕಾಣುತ್ತಲೇ ಇರುತ್ತವೆ. ರಾಗಿ ಹೊಲ, ತರಕಾರಿ ತೋಟಗಳ ಸೀಮೆಯಾಗಿದ್ದ ಇಲ್ಲಿ 1990ರ ದಶಕದಲ್ಲಿ ಐಟಿಪಿಎಲ್ ತಲೆಯೆತ್ತಿತು. ಆಮೇಲೆ ಎರಡು ಬಗೆಯ ಬೆನ್ನುಗಳು ಬಂದು ಸೇರಿದವು. ಒಂದು, ದಿನಕ್ಕೆ ಎಂಟು ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವ ಬೆನ್ನು. ಇನ್ನೊಂದು, ಆ ಕಂಪ್ಯೂಟರ್ ಇಡುವ ಕಟ್ಟಡವನ್ನು ಕಟ್ಟಲು ರಾಯಚೂರು, ಕಲಬುರಗಿ ಹಾಗೂ ಉತ್ತರ ಭಾರತದಿಂದ ಬಂದು ಸಾರುವೆ ಹತ್ತುವ ಬೆನ್ನು.

ಇವೆರಡರ ಕಥೆಯೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಬೆನ್ನಿಗೆ ನೆತ್ತರು ಎಲ್ಲಿಂದ ಬರುತ್ತದೆ? ಮನುಷ್ಯನಿಗೆ ಇದು ತಿಳಿಯಲು ಆಶ್ಚರ್ಯವಾಗುವಷ್ಟು ಕಾಲ ಹಿಡಿಯಿತು. ತಿಳಿದ ಮೇಲೆ ಗೊತ್ತಾದ ಸಂಗತಿಯೆಂದರೆ, ನರವನ್ನೂ ರಕ್ತನಾಳವನ್ನೂ ಒಂದೇ ಹೆಸರಿನಿಂದ ಕರೆದ ನಮ್ಮ ಹಿರಿಯರು ಬೆನ್ನಿನ ಮಟ್ಟಿಗೆ ಪೂರ್ತಿ ತಪ್ಪಿರಲಿಲ್ಲ.

ಕಿರುಬೆರಳಿನ ಗಾತ್ರದ ಹಗ್ಗ

ಬೆನ್ನೆಲುಬು ಎಂದರೆ 33 ಮಣಿಗಳ ಸರ. ಕೆಳಗಿನ ಕೆಲವು ಬೆಸೆದುಕೊಂಡು ಒಂದೇ ಮೂಳೆಯಂತಾಗಿರುತ್ತವೆ. ಈ ಮಣಿಗಳ ಹಿಂದಿನ ತೂತುಗಳು ಒಂದರ ಮೇಲೊಂದು ಕೂತು ಕೊಳವೆಯಾಗುತ್ತವೆ. ಅದರೊಳಗೆ ಮಿದುಳಿನಿಂದ ಇಳಿಯುವ ಹಗ್ಗವೇ ಬೆನ್ನುಹುರಿ. ದಪ್ಪ ಕಿರುಬೆರಳಿನಷ್ಟು. ಉದ್ದ ಸುಮಾರು 45 ಸೆಂಟಿಮೀಟರ್. ತೂಕ ಬರೀ 30-35 ಗ್ರಾಂ. ಕುತ್ತಿಗೆಯಿಂದ ಕೆಳಗಿನ ಇಡೀ ದೇಹ ಮಿದುಳಿನ ಜೊತೆ ಮಾತಾಡುವುದು ಬಹುಮಟ್ಟಿಗೆ ಈ ಒಂದು ತಂತಿಯ ಮೂಲಕವೇ.

ಹುರಿಯ ಎರಡೂ ಬದಿಗಳಿಂದ 31 ಜೊತೆ ನರಗಳು ಮಣಿಗಳ ನಡುವಿನ ಕಿಂಡಿಗಳಲ್ಲಿ ಹೊರಬೀಳುತ್ತವೆ. ಪ್ರತಿ ನರಕ್ಕೂ ಎರಡು ಬೇರು. ಮುಂದಿನ ಬೇರು ‘ಅಲುಗಾಡು’ ಎಂಬ ಅಪ್ಪಣೆಯನ್ನು ಹೊರಗೆ ಒಯ್ಯುತ್ತದೆ; ಹಿಂದಿನದು ಬಿಸಿ, ನೋವು, ಸ್ಪರ್ಶದ ಸುದ್ದಿಯನ್ನು ಒಳಗೆ ತರುತ್ತದೆ. ಇದನ್ನು ಕಂಡುಹಿಡಿದವರು ಯಾರು ಎಂಬ ಬಗ್ಗೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ದೊಡ್ಡ ಜಗಳವೇ ನಡೆಯಿತು. 1811ರಲ್ಲಿ ಚಾರ್ಲ್ಸ್ ಬೆಲ್ ಅರ್ಧ ಹೇಳಿದ, 1822ರಲ್ಲಿ ಫ್ರಾಂಸ್ವಾ ಮಜೆಂಡಿ ಪೂರ್ತಿ ಹೇಳಿದ. ಈಗ ಇಬ್ಬರ ಹೆಸರನ್ನೂ ಸೇರಿಸಿ ನಿಯಮಕ್ಕೆ ಇಟ್ಟಿದ್ದಾರೆ.

ಹುರಿ ಬೆನ್ನಿನ ತುದಿಯವರೆಗೆ ಇಳಿಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸೊಂಟದ ಮೊದಲ ಅಥವಾ ಎರಡನೇ ಮಣಿಯ ಬಳಿ ಅದು ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆ ಬಾಲದ ಕೂದಲಿನಂತೆ ನರಗಳಷ್ಟೇ ನೀರಿನಲ್ಲಿ ತೇಲುತ್ತಿರುತ್ತವೆ. ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಕೊಡುವ ಸೂಜಿ ಹೋಗುವುದು ಇಲ್ಲಿಗೆ. ಜರ್ಮನಿಯ ಔಗುಸ್ಟ್ ಬೀರ್ 1898ರಲ್ಲಿ ಈ ವಿಧಾನ ಆರಂಭಿಸಿದ. ತನ್ನ ಸಹಾಯಕನೊಂದಿಗೆ ಪರಸ್ಪರ ಚುಚ್ಚಿಕೊಂಡು ಪರೀಕ್ಷೆ ಮಾಡಿಕೊಂಡು, ಇಬ್ಬರೂ ತಲೆನೋವಿನಿಂದ ಬಳಲಿದ್ದೂ ಉಂಟು. ‘ಆ ಸೂಜಿ ಹಾಕಿಸಿಕೊಂಡಾಗಿನಿಂದ ನನಗೆ ಸೊಂಟ ನೋವು’ ಎಂಬ ಮಾತು ನಮ್ಮಲ್ಲಿ ಮನೆಮನೆಯಲ್ಲೂ ಕೇಳಿಬರುತ್ತದೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದುಂಟು. ಆದರೆ ವರ್ಷಗಟ್ಟಲೆ ಕಾಡುವ ನೋವಿಗೆ ಸೂಜಿ ಕಾರಣವೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬಸುರಿನಲ್ಲಿ ಹೊತ್ತ ಭಾರ, ಹೆರಿಗೆಯಾದ ಮೇಲೆ ಬಗ್ಗಿ ಎದ್ದು ಮಗುವನ್ನು ಎತ್ತಿದ್ದು, ನಿದ್ದೆಗೆಟ್ಟದ್ದು ಇವನ್ನೆಲ್ಲ ಬಿಟ್ಟು ನಾವು ಸೂಜಿಯನ್ನೇ ಬೈಯುತ್ತೇವೆ.

ಸುಶ್ರುತನ ಎರಡು ಮರ್ಮಗಳು

ಬೆನ್ನುಮೂಳೆ ಮುರಿದರೆ ಕಾಲು ಹೋಗುತ್ತದೆ ಎಂಬುದು ಪ್ರಾಚೀನರಿಗೆ ಚೆನ್ನಾಗಿ ಗೊತ್ತಿತ್ತು. ಈಜಿಪ್ಟಿನ ಒಂದು ಹಳೆಯ ಪಪೈರಸ್ ಕುತ್ತಿಗೆಯ ಮಣಿ ಜಾರಿ ಕೈಕಾಲು ಸ್ವಾಧೀನ ತಪ್ಪಿದವನನ್ನು ವರ್ಣಿಸಿ, ಇದು ಚಿಕಿತ್ಸೆ ಮಾಡುವ ಕಾಯಿಲೆಯಲ್ಲ ಎಂದು ವೈದ್ಯನಿಗೆ ತಿಳಿಸುತ್ತದೆ. ಎರಡನೇ ಶತಮಾನದಲ್ಲಿ ರೋಮ್‌ನ ಗೇಲೆನ್ ಪ್ರಾಣಿಗಳ ಹುರಿಯನ್ನು ಬೇರೆ ಬೇರೆ ಎತ್ತರದಲ್ಲಿ ಕತ್ತರಿಸಿ, ಕತ್ತರಿಸಿದ ಜಾಗದಿಂದ ಕೆಳಗೆ ಮಾತ್ರ ಅರಿವು, ಚಲನೆ ನಿಲ್ಲುತ್ತವೆ ಎಂದು ತೋರಿಸಿದ.

ನಮ್ಮ ಸುಶ್ರುತ ಸಂಹಿತೆ ದೇಹದಲ್ಲಿ 107 ಮರ್ಮಸ್ಥಾನಗಳನ್ನು ಎಣಿಸುತ್ತದೆ. ಅವುಗಳಲ್ಲಿ 14 ಬೆನ್ನಿಗೆ ಸೇರಿದವು. ಇವುಗಳಲ್ಲಿ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ‘ಬೃಹತೀ’ ಎಂಬ ಮರ್ಮ ಮೇಲ್ಬೆನ್ನಿನಲ್ಲಿ, ಬೆನ್ನೆಲುಬಿನ ಎರಡೂ ಪಕ್ಕ. ಅಲ್ಲಿ ಪೆಟ್ಟು ಬಿದ್ದರೆ ವಿಪರೀತ ರಕ್ತ ಹರಿದು ಅಪಾಯ. ‘ಕುಕುಂದರ’ ಎಂಬುದು ಕೆಳಗೆ, ಸೊಂಟದ ಹಿಂಭಾಗದಲ್ಲಿ. ಅಲ್ಲಿ ಪೆಟ್ಟು ಬಿದ್ದರೆ ದೇಹದ ಕೆಳಭಾಗದ ಸ್ಪರ್ಶಜ್ಞಾನ ಮತ್ತು ಚಲನೆ ಎರಡೂ ಹೋಗುತ್ತವೆ. ಒಂದು ನೆತ್ತರಿನ ಮರ್ಮ, ಇನ್ನೊಂದು ನಾವು ಈಗ ನರ ಎನ್ನುವುದರ ಮರ್ಮ. ಯುದ್ಧದಲ್ಲಿ ಗಾಯಗೊಂಡವರನ್ನು ಕಣ್ಣಾರೆ ಕಂಡವರಲ್ಲದೆ ಬೇರೆಯವರು ಹೀಗೆ ಬರೆಯಲಾರರು ಎನಿಸುತ್ತದೆ.

ಆದರೆ ಒಳಗಿನ ಸಂಬಂಧ ಅವರಿಗೆ ಸಿಗುವುದು ಕಷ್ಟವಿತ್ತು. ಸುಶ್ರುತ ಹೇಳುವ ಶವಪರೀಕ್ಷೆಯ ಕ್ರಮದಲ್ಲೇ ಅದಕ್ಕೆ ಕಾರಣವಿದೆ. ದೇಹವನ್ನು ಹುಲ್ಲು, ನಾರಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಕೊಳೆಯಲು ಬಿಡಬೇಕು. ಬಳಿಕ ಲಾವಂಚ, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ನೋಡಬೇಕು. ಚರ್ಮ, ಮಾಂಸ, ಮೂಳೆ, ಕೀಲುಗಳನ್ನು ತಿಳಿಯಲು ಆ ಕಾಲಕ್ಕೆ ಇದಕ್ಕಿಂತ ಜಾಣ ಉಪಾಯವಿಲ್ಲ. ಬೆಣ್ಣೆಯಷ್ಟು ಮೆತ್ತಗಿರುವ ಬೆನ್ನುಹುರಿ, ಅದರ ಮೇಲಿನ ಕೂದಲೆಳೆಯಂಥ ರಕ್ತನಾಳಗಳು ಏಳು ದಿನದಲ್ಲಿ ಮೊದಲು ಕೊಳೆತುಹೋಗುವಂಥವು.

ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳ ಮಾತು ನಮ್ಮ ಯೋಗ ಗ್ರಂಥಗಳಲ್ಲೂ ಶರಣರ ವಚನಗಳಲ್ಲೂ ಬರುತ್ತದೆ. ಸುಷುಮ್ನಾ ಎಂದರೆ ಬೆನ್ನುಹುರಿಯೇ ಎಂದು ಸಾಧಿಸುವ ಪುಸ್ತಕಗಳೂ ಇವೆ. ಸಾಧಕರು ಹೇಳಿದ್ದು ಅನುಭವದ ದಾರಿ. ಅದನ್ನು ಶಸ್ತ್ರವೈದ್ಯನ ನಕ್ಷೆಗೆ ಹೊಂದಿಸಹೊರಟರೆ ಎರಡಕ್ಕೂ ನ್ಯಾಯವಾಗದು.

ಕಾಲುವೆಯ ಕೊನೆಭಾಗ

ನರ ಸರಿಯಾಗಿದ್ದರೂ ನೆತ್ತರು ನಿಂತರೆ ಕಾಲು ಹೋಗುತ್ತದೆ ಎಂಬ ಸುಳಿವು ಸಿಕ್ಕಿದ್ದು 1667ರಲ್ಲಿ. ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸೆನ್ ಎಂಬ ಅಂಗರಚನಾ ಶಾಸ್ತ್ರಜ್ಞ ಪ್ರಾಣಿಯೊಂದರ ಮಹಾಪಧಮನಿಯನ್ನು, ಎಂದರೆ ಹೃದಯದಿಂದ ಕೆಳಗಿಳಿಯುವ ದೊಡ್ಡ ರಕ್ತನಾಳವನ್ನು ದಾರದಿಂದ ಬಿಗಿದ. ಹಿಂಗಾಲುಗಳು ನಿಶ್ಚಲವಾದವು. ಬೆನ್ನುಮೂಳೆಗೆ ಅವನು ಕೈಯನ್ನೇ ಹಚ್ಚಿರಲಿಲ್ಲ! ಕಾಲಿನ ಸ್ನಾಯುಗಳಿಗೆ ರಕ್ತ ಸಿಗದೆ ಹೀಗಾಯಿತೋ, ಹುರಿಗೇ ಸಿಗದೆ ಆಯಿತೋ ಎಂಬುದು ಇತ್ಯರ್ಥವಾಗಲು ಮತ್ತೆ ಇನ್ನೂರು ವರ್ಷ ಬೇಕಾಯಿತು.

ಇತ್ಯರ್ಥವಾಗಬೇಕಾದರೆ ಹುರಿಯ ರಕ್ತನಾಳಗಳ ನಕ್ಷೆ ಬೇಕು. ಸತ್ತವರ ದೇಹದಲ್ಲಿ ಅಷ್ಟು ಸಣ್ಣ ನಾಳಗಳು ಬರಿದಾಗಿ ಮುಚ್ಚಿಕೊಂಡಿರುತ್ತವೆ. ಬಣ್ಣದ ದ್ರಾವಣವನ್ನು ಒತ್ತಿ ತುಂಬಿಸಿದರಷ್ಟೇ ಕಣ್ಣಿಗೆ ಬೀಳುತ್ತವೆ. ಆ ಸೂಕ್ಷ್ಮ ಕೆಲಸವನ್ನು ತಾಳ್ಮೆಯಿಂದ ಮಾಡಿದವನು ಪೋಲೆಂಡಿನ ಕ್ರಾಕೋವ್‌ನಲ್ಲಿದ್ದ ಆಲ್ಬರ್ಟ್ ಆಡಮ್‌ಕೀವಿಚ್. 1881 ಮತ್ತು 1882ರಲ್ಲಿ ಅವನ ವರದಿಗಳು ವಿಯೆನ್ನಾದಲ್ಲಿ ಪ್ರಕಟವಾದವು.

ಅವುಗಳಿಂದ ತಿಳಿದದ್ದನ್ನು ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಕೆರೆ ಕಾಲುವೆಯ ಹೋಲಿಕೆಯೇ ಸರಿ. ಹುರಿಯ ಮುಂಭಾಗದಲ್ಲಿ ಮೇಲಿನಿಂದ ಕೆಳಗೆ ಒಂದೇ ಒಂದು ಅಪಧಮನಿ ಹರಿಯುತ್ತದೆ. ಹುರಿಯ ಮೂರನೇ ಎರಡು ಭಾಗಕ್ಕೆ ಅದೇ ನೀರು. ಹಿಂಭಾಗದ ಒಂದು ಪಾಲಿಗೆ ಎರಡು ಸಣ್ಣ ಕಾಲುವೆಗಳು. ಮೇಲಿನಿಂದ ಹೊರಟ ನೆತ್ತರು ತುದಿಯವರೆಗೆ ಸಾಲುವುದಿಲ್ಲ. ಆದ್ದರಿಂದ ದಾರಿಯುದ್ದಕ್ಕೂ ಪಕ್ಕದಿಂದ ಉಪಕಾಲುವೆಗಳು ಬಂದು ಸೇರಬೇಕು. ಈ ಉಪಕಾಲುವೆಗಳು ಒಳಗೆ ಬರುವುದು ಹೇಗೆ? ಮೂಳೆಯ ಕೊಳವೆಗೆ ಬೇರೆ ಬಾಗಿಲಿಲ್ಲ. ನರಗಳು ಹೊರಬೀಳುವ ಅದೇ ಕಿಂಡಿಯಲ್ಲಿ, ನರದ ಬೇರನ್ನೇ ಹಿಡಿದುಕೊಂಡು ಅವು ಒಳಗೆ ಬರುತ್ತವೆ. ಕನ್ನಡದ ‘ನರ’ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ: ನರ ಹೋದ ದಾರಿಯಲ್ಲೇ ನೆತ್ತರು ಬರುತ್ತದೆ.

ಗರ್ಭದಲ್ಲಿರುವಾಗ 31 ಜೊತೆ ನರಗಳ ಜೊತೆಗೂ ಒಂದೊಂದು ಉಪಕಾಲುವೆ ಇರುತ್ತದೆ. ಮಗು ಬೆಳೆಯುತ್ತ ಹೋದಂತೆ ಬಹುಪಾಲು ಬತ್ತಿಹೋಗುತ್ತವೆ. ಪ್ರಾಯದವರಲ್ಲಿ ಮುಂದಿನ ಕಾಲುವೆಗೆ ನೀರುಣಿಸುವ ದೊಡ್ಡವು ಬೆರಳೆಣಿಕೆಯಷ್ಟು ಮಾತ್ರ ಉಳಿದಿರುತ್ತವೆ. ಅವುಗಳಲ್ಲೂ ಒಂದರ ಮೇಲೆ ಹುರಿಯ ಕೆಳಗಿನ ಮೂರನೇ ಒಂದು ಭಾಗದ ಬಾಳು ನಿಂತಿದೆ. ಇದಕ್ಕೇ ಆಡಮ್‌ಕೀವಿಚ್‌ನ ಅಪಧಮನಿ ಎಂದು ಹೆಸರು. ಸುಮಾರು ಒಂದು ಮಿಲಿಮೀಟರ್ ದಪ್ಪದ ಈ ನಾಳ ಎದೆಯ ಕೊನೆಯ ಮಣಿಗಳು ಮತ್ತು ಸೊಂಟದ ಮೊದಲ ಮಣಿಗಳ ನಡುವೆ ಎಲ್ಲೋ ಒಂದು ಕಡೆ ಒಳಹೊಗುತ್ತದೆ. ಸುಮಾರು ನಾಲ್ವರಲ್ಲಿ ಮೂವರಿಗೆ ಅದು ಎಡಗಡೆ. ಒಳಗೆ ಬಂದು ಮೇಲಕ್ಕೆ ಹತ್ತಿ, ಆಗುಂಬೆ ಘಾಟಿಯ ತಿರುವಿನಂತೆ ಗಕ್ಕನೆ ಹಿಂದಿರುಗಿ ಕೆಳಗಿಳಿಯುತ್ತದೆ. ಎಕ್ಸ್‌ರೇ ಚಿತ್ರದಲ್ಲಿ ವೈದ್ಯರು ಅದನ್ನು ಗುರುತಿಸುವುದೇ ಆ ತಿರುವಿನಿಂದ.

ಕುತ್ತಿಗೆಯ ಕಡೆಯಿಂದ ಇಳಿಯುವ ನೀರು ಒಂದು ಕಡೆ, ಕೆಳಗಿನಿಂದ ಬರುವ ಈ ನೀರು ಇನ್ನೊಂದು ಕಡೆ. ನಡುವೆ ಎದೆಯ ಮಟ್ಟದಲ್ಲಿ, ಸುಮಾರು 4ರಿಂದ 8ನೇ ಮಣಿಯವರೆಗಿನ ಹುರಿ ಎರಡೂ ಕಾಲುವೆಗಳ ಕೊನೆಭಾಗವಾಗಿ ಉಳಿಯುತ್ತದೆ. ಕೊನೆಭಾಗದ ರೈತರ ಪಾಡು ಏನೆಂದು ಕರ್ನಾಟಕದಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ನೀರು ತುಂಬಿ ಹರಿಯುವಾಗ ಇವರಿಗೂ ಸಿಗುತ್ತದೆ. ಕೆರೆಯಲ್ಲಿ ಮಟ್ಟ ಇಳಿದರೆ ಮೊದಲು ಒಣಗುವುದು ಇವರ ಗದ್ದೆ. ರಕ್ತದೊತ್ತಡ ಬಹಳ ಹೊತ್ತು ತೀರಾ ಕುಸಿದರೆ ಹುರಿಯಲ್ಲೂ ಹೀಗೆಯೇ ಆಗಬಹುದು. ಇಂಗ್ಲಿಷ್ ವೈದ್ಯರೂ ಈ ಜಾಗವನ್ನು ಕರೆಯುವುದು ‘ಜಲವಿಭಾಜಕ’ ಎಂಬ ಅರ್ಥದ ಮಾತಿನಿಂದಲೇ.

ಆಡಮ್‌ಕೀವಿಚ್‌ನ ಮುಂದಿನ ಬಾಳು ಅಷ್ಟು ಚೆನ್ನಾಗಿರಲಿಲ್ಲ. ಕ್ಯಾನ್ಸರ್ ಒಂದು ಪರಾವಲಂಬಿ ಜೀವಿಯಿಂದ ಬರುತ್ತದೆಂದೂ ಅದಕ್ಕೆ ‘ಕ್ಯಾಂಕ್ರೋಯಿನ್’ ಎಂಬ ಮದ್ದು ತನ್ನಲ್ಲಿದೆಯೆಂದೂ ಹಟ ಹಿಡಿದ. ಸಹೋದ್ಯೋಗಿಗಳು ಒಪ್ಪಲಿಲ್ಲ. ಕ್ರಾಕೋವ್ ಬಿಟ್ಟು ವಿಯೆನ್ನಾ ಸೇರಿ 1921ರಲ್ಲಿ ತೀರಿಕೊಂಡ. ಹುರಿಯ ನಕ್ಷೆ ಬರೆದವನೇ ಕ್ಯಾನ್ಸರ್ ಮದ್ದಿನ ವಿಷಯದಲ್ಲಿ ಇಷ್ಟು ಎಡವಿದ್ದು ವಿಚಿತ್ರ. ಅವನ ಹೆಸರನ್ನು ಉಳಿಸಿದ್ದು ಒಂದು ಮಿಲಿಮೀಟರಿನ ಆ ನಾಳವೇ.

ಆ ನಾಳದ ಬೆಲೆ ಎಷ್ಟೆಂದು ಜಗತ್ತಿಗೆ ತಿಳಿದದ್ದು 1950ರ ದಶಕದ ನಂತರ. ಆಗ ಅಮೆರಿಕದಲ್ಲಿ ಉಬ್ಬಿದ ಮಹಾಪಧಮನಿಯನ್ನು ಕತ್ತರಿಸಿ ಕೃತಕ ನಾಳ ಜೋಡಿಸುವ ಶಸ್ತ್ರಕ್ರಿಯೆ ಬಂತು. ಪ್ರಾಣ ಉಳಿಯುತ್ತಿತ್ತು. ಆದರೆ ಎಚ್ಚರವಾದ ಕೆಲವು ರೋಗಿಗಳು ಕಾಲು ಎತ್ತಲಾಗುತ್ತಿಲ್ಲ ಎನ್ನುತ್ತಿದ್ದರು. ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. ಸ್ಟೆನ್ಸೆನ್‌ನ ಪ್ರಯೋಗ ಮನುಷ್ಯರ ಮೇಲೆ, ಯಾರಿಗೂ ಬೇಡದಿದ್ದರೂ, ಪುನರಾವರ್ತನೆಯಾಗುತ್ತಿತ್ತು. ಎದೆಯಿಂದ ಹೊಟ್ಟೆಯವರೆಗಿನ ಮಹಾಪಧಮನಿಗೆ ಇಂಥ ಶಸ್ತ್ರಕ್ರಿಯೆಗೆ ಒಳಗಾದ 1,509 ಮಂದಿಯ ವಿವರ 1993ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 16ರಷ್ಟು ಮಂದಿಗೆ ಕಾಲುಗಳ ಶಕ್ತಿ ಪೂರ್ತಿ ಅಥವಾ ಭಾಗಶಃ ಹೋಗಿತ್ತು. ಈಗ ಮೊದಲೇ ಸ್ಕ್ಯಾನ್ ಮಾಡಿ ಆ ತಿರುವನ್ನು ಹುಡುಕುತ್ತಾರೆ, ರಕ್ತದೊತ್ತಡ ಇಳಿಯದಂತೆ ಕಾಯುತ್ತಾರೆ, ಹುರಿಯ ಸುತ್ತಲಿನ ದ್ರವವನ್ನು ಸ್ವಲ್ಪ ಹೊರತೆಗೆದು ನೆತ್ತರಿಗೆ ಜಾಗ ಮಾಡಿಕೊಡುತ್ತಾರೆ. ಅಪಾಯ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಯಾರ ದೇಹ?

ಇಷ್ಟೆಲ್ಲ ನಕ್ಷೆ ಬರೆಯಲು ದೇಹಗಳು ಬೇಕಲ್ಲ, ಅವು ಎಲ್ಲಿಂದ ಬಂದವು ಎಂಬ ಪ್ರಶ್ನೆ ಓದುಗರಿಗೆ ಬರಬಹುದು. ನಮ್ಮಲ್ಲಿ ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಬೆಂಗಳೂರು ವೈದ್ಯಕೀಯ ಕಾಲೇಜು ಬಂದದ್ದು 1955ರಲ್ಲಿ. ಎರಡು ವರ್ಷದ ಬಳಿಕ, 1957ರಲ್ಲಿ, ವಾರಸುದಾರರಿಲ್ಲದ ಶವಗಳನ್ನು ಕಾಲೇಜುಗಳಿಗೆ ಕೊಡಲು ಆಗಿನ ಮೈಸೂರು ರಾಜ್ಯ ಕಾಯ್ದೆ ಮಾಡಿತು. ಎಂದರೆ, ನಮ್ಮ ವೈದ್ಯರು ಬೆನ್ನಿನ ನರಗಳನ್ನು ಕಲಿತದ್ದು ಹೆಚ್ಚಾಗಿ ಯಾರೂ ಕೇಳುವವರಿಲ್ಲದೆ ಸತ್ತ ಬಡವರಿಂದ. ಅವರ ಹೆಸರು ಯಾವ ಅಪಧಮನಿಗೂ ಇಟ್ಟಿಲ್ಲ.

ಸ್ವಇಚ್ಛೆಯ ದೇಹದಾನ ನಿಧಾನವಾಗಿ ಬಂತು. ಇದರಲ್ಲಿ ಬೆಳಗಾವಿಯ ಒಂದು ಘಟನೆಯನ್ನು ಮರೆಯುವಂತಿಲ್ಲ. ಅಲ್ಲಿನ ಕೆಎಲ್‌ಇ ಆಯುರ್ವೇದ ಕಾಲೇಜಿನ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ವಿದ್ಯಾರ್ಥಿಗಳ ಮುಂದೆ ತಮ್ಮ ತಂದೆಯ ದೇಹವನ್ನೇ ಛೇದಿಸಿ ಪಾಠ ಮಾಡಿದರು. ತಾವೂ ವೈದ್ಯರಾಗಿದ್ದ ತಂದೆ ಎರಡು ವರ್ಷ ಮೊದಲು ತೀರಿಕೊಂಡಿದ್ದರು, ಹಾಗೆ ಮಾಡಬೇಕೆಂಬುದು ಅವರದೇ ಇಚ್ಛೆಯಾಗಿತ್ತು. ಅದು ಸುಶ್ರುತನನ್ನು ಓದಿಸುವ ಕಾಲೇಜು ಎಂಬುದನ್ನೂ ನೆನೆಯಬೇಕು.

ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ಬೇರೂರಿದ್ದು ಹೊಸೂರು ರಸ್ತೆಯಲ್ಲಿ. ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1958ರಲ್ಲಿ ಡಾ. ಆರ್. ಮಾರ್ತಾಂಡ ವರ್ಮ ಅಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿದರು. ಆಸ್ಪತ್ರೆ ಮತ್ತು ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದಾಗ ಅವರೇ ಸ್ಥಾಪಕ ನಿರ್ದೇಶಕರು. ಅಲ್ಲಿನ ಮಿದುಳು ಸಂಗ್ರಹಾಲಯದಲ್ಲಿ ಜನಸಾಮಾನ್ಯರೂ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಬೇಕಾದ ಜಾಗ. ಕುಂದಲಹಳ್ಳಿ ಕಡೆಯವರಿಗೆ ಹತ್ತಿರದಲ್ಲೇ ಇಂಥ ಚಿಕಿತ್ಸೆ ಸಿಕ್ಕಿದ್ದು ತೀರಾ ಈಚೆಗೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಲ್ಲಿ ಬಾಗಿಲು ತೆರೆದಾಗ ಹೃದಯದ ಜೊತೆಗೆ ಮಿದುಳು, ಬೆನ್ನಿನ ಶಸ್ತ್ರಕ್ರಿಯೆಯೂ ಉಚಿತವಾಗಿ ದೊರೆಯತೊಡಗಿತು.

ನೆತ್ತರೇ ಇಲ್ಲದ ಡಿಸ್ಕ್

ಈಗ ಕುರ್ಚಿಯಲ್ಲಿ ಕೂತವರ ಬೆನ್ನಿಗೆ ಬರೋಣ. ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳಿಗೆ ಪ್ರಾಯ ಬಂದ ಮೇಲೆ ಹೊರ ಅಂಚು ಬಿಟ್ಟರೆ ರಕ್ತನಾಳವೇ ಇಲ್ಲ. ದೇಹದಲ್ಲಿ ನೆತ್ತರಿಲ್ಲದೆ ಬದುಕುವ ಅತಿ ದೊಡ್ಡ ಅಂಗಾಂಶ ಇದು. ಮೇಲಿನ ಕೆಳಗಿನ ಮೂಳೆಗಳಿಂದ ಜಿನುಗಿ ಬಂದದ್ದನ್ನೇ ಹೀರಿಕೊಂಡು ಅದು ಬದುಕಬೇಕು. ಎದ್ದು ಓಡಾಡಿ, ಭಾರ ಬಿದ್ದು, ಭಾರ ಇಳಿದು, ಸ್ಪಂಜಿನಂತೆ ಹಿಂಡಿ ಬಿಟ್ಟಾಗ ದ್ರವದ ಓಡಾಟಕ್ಕೆ ಅನುಕೂಲ. ಇಡೀ ದಿನ ಒಂದೇ ಭಂಗಿಯಲ್ಲಿ ಕೂತರೆ ಅದು ತಗ್ಗುತ್ತದೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕ್‌ಗೆ ಸೂಜಿ ಇಳಿಸಿ ಒತ್ತಡ ಅಳೆದಾಗ, ನಿಂತಾಗಿಗಿಂತ ಕೂತಾಗ ಒತ್ತಡ ಹೆಚ್ಚು ಎಂದು ಕಂಡಿತ್ತು. ಒರಗಿ ಆರಾಮಾಗಿ ಕೂತರೆ ಹಾಗಾಗದು ಎಂದು ನಂತರದ ಅಳತೆಗಳು ಹೇಳಿವೆ. ಮುಂದಕ್ಕೆ ಬಾಗಿ ಕೂರುವುದೇ ಹೆಚ್ಚು ತೊಂದರೆ.

ನೆತ್ತರಿಲ್ಲದ ಡಿಸ್ಕ್‌ಗೆ ನೋವು ಹೇಗೆ? ಅದರ ಹೊರ ಅಂಚಿಗೆ ನರವಿದೆ. ಕಿಂಡಿಯಿಂದ ಹೊರಬಿದ್ದ ನರದ ಒಂದು ಸಣ್ಣ ಕವಲು, ಮನೆಯಲ್ಲಿ ಏನೋ ಮರೆತವರಂತೆ, ಮತ್ತೆ ಒಳಕ್ಕೆ ತಿರುಗಿ ಬರುತ್ತದೆ. ಇದನ್ನು ಜರ್ಮನಿಯ ಲುಷ್ಕಾ 1850ರಲ್ಲಿ ಬರೆದಿಟ್ಟ. ಡಿಸ್ಕಿನ ಒಳಗಿನ ತಿರುಳು ಹೊರಚಾಚಿ ನರದ ಬೇರನ್ನು ಒತ್ತಿದಾಗ ಕಾಲಿಗೆ ಸೆಳೆತ ಬರುತ್ತದೆಂದು ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ತೋರಿಸಿದ್ದು 1934ರಲ್ಲಿ. ‘ಡಿಸ್ಕ್ ಜಾರಿದೆ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ನಿಜಕ್ಕೂ ಅದು ಜಾರುವುದಿಲ್ಲ, ಚಾಚಿಕೊಳ್ಳುತ್ತದೆ. ಬಹಳಷ್ಟು ಜನರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಶಸ್ತ್ರಕ್ರಿಯೆಯಿಲ್ಲದೆಯೇ ನೋವು ತಗ್ಗುತ್ತದೆ. ಆದರೆ ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದುತ್ತ ಬಂದರೆ ಒಂದು ದಿನವೂ ಕಾಯಬಾರದು. ಕುದುರೆ ಬಾಲದ ನರಗಳೆಲ್ಲ ಅಲ್ಲಿ ಒಟ್ಟಿಗೆ ಸಿಕ್ಕಿಕೊಂಡಿರಬಹುದು.

ಬೆನ್ನುಮೂಳೆಯ ಅಭಿಧಮನಿಗಳದು ಬೇರೆಯದೇ ಸ್ವಭಾವ. ಅವುಗಳಲ್ಲಿ ಕವಾಟಗಳಿಲ್ಲ. ಕೆಮ್ಮಿದರೆ, ಮುಕ್ಕಿದರೆ ನೆತ್ತರು ಹಿಂದುಮುಂದಾಗಿ ಹರಿಯುತ್ತದೆ. ಸೊಂಟದ ಭಾಗದ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬುವುದು ಈ ದಾರಿಯಲ್ಲಿ ಎಂದು ಫಿಲಡೆಲ್ಫಿಯಾದ ಬ್ಯಾಟ್ಸನ್ 1940ರಲ್ಲಿ ತೋರಿಸಿದ. ನಮ್ಮಲ್ಲಿ ಇನ್ನೂ ಕಾಣುವ ಬೆನ್ನುಮೂಳೆಯ ಕ್ಷಯವೂ ಮಣಿಗಳಿಗೆ ತಲುಪುವುದು ನೆತ್ತರಿನ ಮೂಲಕವೇ.

ಬಿದ್ದವರ ಎರಡನೇ ಪೆಟ್ಟು

ಸಾರುವೆಯಿಂದ, ತೆಂಗಿನ ಮರದಿಂದ, ಬೈಕಿನಿಂದ ಬಿದ್ದವರಿಗೆ ಎರಡು ಪೆಟ್ಟು ಬೀಳುತ್ತವೆ. ಮೊದಲನೆಯದು ನೆಲದ್ದು. 1911ರಲ್ಲಿ ಅಮೆರಿಕದ ಆಲೆನ್ ಎಂಬ ವೈದ್ಯ ನಾಯಿಗಳ ಹುರಿಯ ಮೇಲೆ ಭಾರ ಬೀಳಿಸಿ ಗಮನಿಸಿದ. ಪೆಟ್ಟು ಬಿದ್ದ ಕೂಡಲೆ ಹುರಿ ಪೂರ್ತಿ ಹಾಳಾಗಿರುವುದಿಲ್ಲ. ಗಂಟೆಗಳು ಕಳೆದಂತೆ ಒಳಗೆ ರಕ್ತ ಸೋರಿ, ಬಾತು, ಸಣ್ಣ ನಾಳಗಳು ಮುಚ್ಚಿ, ನಡುವಿನಿಂದ ಅಂಚಿಗೆ ಹಾನಿ ಹಬ್ಬುತ್ತದೆ. ಎರಡನೇ ಪೆಟ್ಟು ಇದು. ಮೊದಲನೆಯದನ್ನು ತಪ್ಪಿಸಲು ಕಟ್ಟಡದ ಮಾಲೀಕ ಸುರಕ್ಷತಾ ಬೆಲ್ಟು, ಬಲೆ ಕೊಡಬೇಕಿತ್ತು. ಎರಡನೆಯದನ್ನು ತಗ್ಗಿಸುವುದು ಸುತ್ತ ನಿಂತವರ ಕೈಯಲ್ಲೂ ಇದೆ. ಬಿದ್ದವನನ್ನು ಕೂರಿಸಿ, ನೀರು ಕುಡಿಸಿ, ಇಬ್ಬರು ತೋಳು ಹಿಡಿದು ಆಟೋದಲ್ಲಿ ಮಡಚಿ ತುಂಬುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆ ಮಾಡದೆ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಮೂರು ನಾಲ್ಕು ಜನ ಒಟ್ಟಿಗೆ ಹಿಡಿದು ಹಲಗೆಯ ಮೇಲೆ ಮಲಗಿಸಬೇಕು, 108ಕ್ಕೆ ಕರೆ ಮಾಡಬೇಕು. ಕಟ್ಟಡದ ಜಾಗದಲ್ಲಿ ಹಲಗೆಗೇನೂ ಬರವಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ರಕ್ತದೊತ್ತಡ ಬೀಳದಂತೆ ಹಗಲು ರಾತ್ರಿ ಕಾಯುವುದೂ ಅದೇ ಕೊನೆಭಾಗದ ಗದ್ದೆಗಾಗಿ.

ಹುರಿ ಉಳಿಯದೆ ಹೋದರೂ ಬೆನ್ನಿನ ನೆತ್ತರಿನ ಕಥೆ ಮುಗಿಯುವುದಿಲ್ಲ. ಮಲಗಿದ ದೇಹದ ಭಾರಕ್ಕೆ ಸೊಂಟದ ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮದ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ನಮಗೆ ಆಗ ನೋವಾಗಿ ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತೇವೆ. ನರ ಹೋದವರಿಗೆ ಆ ಎಚ್ಚರಿಕೆ ಬರುವುದಿಲ್ಲ. ಹುಣ್ಣಾಗುತ್ತದೆ, ಕೀವಾಗುತ್ತದೆ. ಎರಡನೇ ಮಹಾಯುದ್ಧದವರೆಗೂ ಬೆನ್ನುಹುರಿ ಹೋದವರು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಕೊಲ್ಲುತ್ತಿದ್ದುದು ಈ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಗೆ ಬಂದ ಲುಡ್ವಿಗ್ ಗುಟ್‌ಮನ್ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಪದ್ಧತಿ ತಂದರು. ರಾತ್ರಿಯೂ ತಾವೇ ಬಂದು ನೋಡುತ್ತಿದ್ದರು. ಅದೇ ರೋಗಿಗಳಿಗಾಗಿ 1948ರಲ್ಲಿ ಅವರು ನಡೆಸಿದ ಆಟೋಟವೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡ ಬೆಂಗಳೂರಿನ ಮಾಲತಿ ಹೊಳ್ಳ 1988ರಲ್ಲಿ ಸೋಲ್‌ಗೆ ಹೋದದ್ದು ಆ ಕೂಟಕ್ಕೇ. ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ, ಹಾಸಿಗೆ ಹಿಡಿದವರನ್ನು ಗಾಲಿಕುರ್ಚಿಗೆ, ಅಲ್ಲಿಂದ ಕೆಲಸಕ್ಕೆ ತರುವ ಕಾರ್ಯವನ್ನು ಬಹುಕಾಲದಿಂದ ಮಾಡುತ್ತಿದೆ.

ಊರಿಗೆ ಮರಳಿದ ಕೂಲಿಯವನ ಮನೆಯಲ್ಲಿ ಈ ಕೆಲಸ ಹೆಂಡತಿ ಅಥವಾ ತಾಯಿಯ ಪಾಲಿಗೆ ಬರುತ್ತದೆ. ದುಬಾರಿ ಸಲಕರಣೆ ಏನೂ ಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ಸೊಂಟದ ಹಿಂಭಾಗ, ಹಿಮ್ಮಡಿಗಳನ್ನು ಬೆಳಕಿನಲ್ಲಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚಿಕೊಂಡು, ಬಿಟ್ಟಾಗ ಮತ್ತೆ ಕೆಂಪಾದರೆ ನೆತ್ತರು ಇನ್ನೂ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಬಿಳಿಚಿಕೊಳ್ಳದಿದ್ದರೆ ಹುಣ್ಣು ಒಳಗೆ ಆರಂಭವಾಗಿದೆ, ಆ ಮಗ್ಗುಲಿಗೆ ಮತ್ತೆ ಮಲಗಿಸಬಾರದು. ನಮ್ಮ ಮೈಬಣ್ಣದಲ್ಲಿ ಎಷ್ಟೋ ಸಲ ಕೆಂಪು ಕಾಣುವುದೇ ಇಲ್ಲ. ಆಗ ಅಂಗೈ ಇಟ್ಟು, ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು.